ಬಿಸಿಲಿಗಿಟ್ಟ ಆರು ಸೆಲ್ಲು

ಧಾರವಾಡದ ಪ್ರಕಾಶಕಿ ನನ್ನ ಮೇಜಿನ ಮೇಲೆ ಮೂರು ಹಳೆಯ ರೆಕಾರ್ಡು ಇಟ್ಟಾಗ ನಾನು ಮೊದಲು ಅವುಗಳನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಚೆನ್ನಾಗಿರುವ ರೆಕಾರ್ಡು ಬೆಳಕಿಗೆ ಮಿಂಚುತ್ತದೆ, ಸವೆದದ್ದು ಬೂದಿ ಬಳಿದಂತೆ ಕಾಣುತ್ತದೆ. ಮೂರೂ ಬೂದಿ ಬಳಿದುಕೊಂಡೇ ಬಂದಿದ್ದವು.

“ಇವನ್ನ ಚಹಾದಂಗಡ್ಯಾಗ ಹಚ್ಚ್ಯಾರ್ರಿ ಮೇಡಂ,” ಎಂದೆ. “ಅದೂ ಮೊಳಿಯಂಥಾ ಸೂಜಿ ಹಾಕಿ.”

“ಹಚ್ಚದ ಇಡಾಕ ಅವೇನು ದೇವರ ಪಟಾ ಏನ್ರಿ? ಮಂದಿ ಕೇಳ್ಯಾರ, ಸವದಾವು. ನಿಮ್ಮ ಕೈಲೆ ಆಗ್ತೈತೋ ಇಲ್ಲೋ, ಅಷ್ಟ ಹೇಳ್ರಿ.”

ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು ಅವರು. ಹಳೆಯ ರೆಕಾರ್ಡುಗಳನ್ನು ಶುದ್ಧ ಮಾಡಿಸಿ ಮತ್ತೆ ಅದೇ ದೊಡ್ಡ ಕರಿ ತಟ್ಟೆಯ ರೂಪದಲ್ಲಿ ಹೊರತರುವ ಹುಚ್ಚು ಹಚ್ಚಿಕೊಂಡಿದ್ದಾರೆ. ಹಳೆಯ ಧ್ವನಿಯ ಧೂಳು ಕೊಡವುವುದು ನನ್ನ ಕೆಲಸ. ಹುಬ್ಬಳ್ಳಿಯ ಬೈರಿದೇವರಕೊಪ್ಪದ ನಮ್ಮ ಮನೆಯ ಹಿಂದಿನ ಕೋಣೆಗೆ ಕೌದಿ ಬಡಿದು ಸ್ಟುಡಿಯೋ ಎಂದು ಕರೆಯುತ್ತೇನೆ. ಹೆಂಡತಿ ಅದನ್ನು ಗೋದಾಮು ಎನ್ನುತ್ತಾಳೆ.

ಈ ಸಲ ಬಂದ ಮೂರೂ ಒಂದೇ ರೆಕಾರ್ಡಿನ ಪ್ರತಿಗಳು, ಅದೂ ಸಾಮಾನ್ಯ ರೆಕಾರ್ಡಲ್ಲ. ನಲವತ್ತು ವರ್ಷಗಳ ಹಿಂದೆ ನಮ್ಮೂರಿನ ಬಟ್ಟೆ ಮಿಲ್ಲಿನಲ್ಲಿ ದೊಡ್ಡ ಮುಷ್ಕರ ನಡೆದಿತ್ತು. ಆಗ ನೂಲು ಸುತ್ತುವ ಖಾತೆಯಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳು, ಒಂದು ಹಾರ್ಮೋನಿಯಂ ಪೇಟಿ, ಒಂದು ಡಪ್ಪು, ನಾಲ್ಕು ಜನ ಹಿಮ್ಮೇಳದವರು ಸೇರಿ ಎಂಟು ಹಾಡು ಹಾಡಿದ್ದರು. ಕೆಲವೇ ನೂರು ಪ್ರತಿ ಒತ್ತಿಸಿದ್ದರಂತೆ. ಅದರ ಒಂದು ಸಾಲು ನಮ್ಮ ಕಡೆ ಇಂದಿಗೂ ಮದುವೆ ಮನೆಯಲ್ಲಿ ಕೂಡ ತಮಾಷೆಗೆ ಕೇಳಿಬರುತ್ತದೆ:

ಊರಿಗೆಲ್ಲ ನೂತೇವಿ ನೂಲ
ನಮ್ಮ ಕೂಸಿನ ಮೈಮ್ಯಾಲಿಲ್ಲ ಚೂರ ಶಾಲ

ಆ ಹಾಡುಗಳ ಹೆಸರು ಉಳಿದದ್ದು ಇನ್ನೊಂದು ಕಾರಣಕ್ಕೆ. ಪ್ರತಿ ಹಾಡೂ ಸಮಾಧಾನವಾಗಿ ಶುರುವಾಗಿ, ಬರಬರುತ್ತ ಆಕೆಯ ದನಿ ಮೇಲಕ್ಕೇರುತ್ತದೆ, ಲಯ ಬಿರುಸಾಗುತ್ತದೆ. ಕೊನೆಗೆ ಬೆಂಕಿ ಹತ್ತಿದ ಹಾಗೆ. ಸಿಟ್ಟು ಏರಿದಂತೆ ಶ್ರುತಿಯೂ ಏರುತ್ತದೆ ಎಂದು ಬಲ್ಲವರೆಲ್ಲ ಬರೆದರು. ನಾನೂ ಸಂಗೀತ ಶಿಬಿರಗಳಲ್ಲಿ ಮಕ್ಕಳಿಗೆ ಅದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ಮೂಲ ಟೇಪು ಕಾರ್ಮಿಕ ಸಂಘದ ಕಚೇರಿಯ ಅಟ್ಟದಲ್ಲಿ ಮಳೆನೀರು ಕುಡಿದು ಒಂದೇ ಗಟ್ಟಿಯಾಗಿ ಅಂಟಿಕೊಂಡಿತ್ತು. ಹೀಗಾಗಿ ರೆಕಾರ್ಡಿನಿಂದಲೇ ಧ್ವನಿ ಇಳಿಸಿಕೊಳ್ಳಬೇಕಿತ್ತು. ಮೂರು ಪ್ರತಿಗಳನ್ನೂ ತೊಳೆದೆ. ತಟ್ಟೆಯ ಗೀರಿನೊಳಗೆ ಸವೆಯದ ಗೋಡೆ ಸಿಗಬಹುದೆಂದು ನಾಲ್ಕು ಬಗೆಯ ಸೂಜಿ ಹಾಕಿದೆ. ಹುರಿಯುವ ಸದ್ದೇ ಹೆಚ್ಚು, ಹಾಡು ಕಡಿಮೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ನಾಲ್ಕನೆಯ ಪ್ರತಿಯೊಂದು ಎಲ್ಲಿದೆ ಎಂದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಅದು ನಮ್ಮ ಮನೆಯ ಕಪಾಟಿನ ತಲೆಯ ಮೇಲೆ, ಹಳೆಯ ಪಂಚಾಂಗದ ಹಾಳೆಯಲ್ಲಿ ಸುತ್ತಿಕೊಂಡು ಕೂತಿತ್ತು. ನಮ್ಮಪ್ಪ ಅದೇ ಮಿಲ್ಲಿನಲ್ಲಿ ಹತ್ತಿ ಹಿಂಜುವ ಖಾತೆಯವನು. ರೆಕಾರ್ಡು ಬಂದ ವಾರವೇ ತಂದಿದ್ದ, ಮೇಲೆ ತನ್ನ ಹೆಸರು ಬರೆದಿದ್ದ. ಅಷ್ಟರಲ್ಲಿ ಮುಷ್ಕರ ಮುರಿದಿತ್ತು. ಕೆಲವರನ್ನು ಮಾತ್ರ ಕೆಲಸಕ್ಕೆ ಮರಳಿ ಕರೆದುಕೊಂಡರು, ಹಾಡಿದವಳೂ ಅವರಲ್ಲಿ ಒಬ್ಬಳು. ಅದರ ಬೆನ್ನಿಗೆ ಒಂದು ಬಹಿರಂಗ ಸಭೆಯಲ್ಲಿ ಆಕೆ ಅದೇ ಹಾಡು ಹಾಡಿದಳು. ದನಿ ಏರಲಿಲ್ಲ. ರೆಕಾರ್ಡು ಕೇಳಿ ಬಂದ ಜನ “ಏರ್ಸಬೇ! ಏರ್ಸಬೇ!” ಎಂದು ಕೂಗಿದರು. ಆಕೆ ಏರಿಸಲು ಹೋದಳು, ಪೇಟಿಯ ಶ್ರುತಿ ಬಿಟ್ಟು ಅಪಸ್ವರವಾಯಿತು, ನಿಲ್ಲಿಸಿದಳು. ಮಾಲೀಕರು ಆಕೆಯನ್ನು ಕೊಂಡುಕೊಂಡಿದ್ದಾರೆ, ಅದಕ್ಕೇ ಸಿಟ್ಟು ಸತ್ತಿದೆ ಎಂದು ಊರು ತೀರ್ಪು ಕೊಟ್ಟಿತು. ಅಪ್ಪ ಮನೆಗೆ ಬಂದವನೇ ರೆಕಾರ್ಡನ್ನು ಸುತ್ತಿ ಮೇಲಿಟ್ಟ. “ಮಾರ್ಕೊಂಡಾಕಿ ಹಾಡು ನಮ್ಮ ಮನ್ಯಾಗ ಬ್ಯಾಡ,” ಎಂದ. ನಾನಾಗ ಮೂರನೆಯ ಇಯತ್ತೆ. ಅಪ್ಪ ಸಾಯುವವರೆಗೆ ಆ ಮಾತು ಬದಲಿಸಲಿಲ್ಲ.

ನನಗೂ ಅದನ್ನು ಇಳಿಸಿ ಬಿಚ್ಚುವ ಮನಸ್ಸಾಗಿರಲಿಲ್ಲ. ಈಗ ಬಿಚ್ಚಿದೆ. ಬೆಳಕಿಗೆ ಹಿಡಿದರೆ ಕರಿ ಕನ್ನಡಿ. ಮೂರು ಪ್ರತಿಗಳನ್ನು ಜನರ ಪ್ರೀತಿ ಸವೆಸಿತ್ತು, ಈ ಒಂದನ್ನು ನಮ್ಮಪ್ಪನ ಸಿಟ್ಟು ಕಾಪಾಡಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸೂಜಿ ಇಟ್ಟೆ.

ಚಟಪಟ ಸದ್ದುಗಳನ್ನು ಒಂದೊಂದಾಗಿ ಕೈಯಿಂದಲೇ ತೆಗೆಯುತ್ತೇನೆ. ಯಂತ್ರಕ್ಕೆ ಬಿಟ್ಟರೆ ಅದು ಡಪ್ಪಿನ ಪೆಟ್ಟನ್ನೂ ಕಸವೆಂದು ಗುಡಿಸಿಬಿಡುತ್ತದೆ. ಮೊದಲ ಹಾಡಿಗೇ ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಡಪ್ಪಿನ ಅಡಿಯಲ್ಲಿ ಅಲ್ಲಿಯವರೆಗೆ ನಾನು ಕೇಳಿರದ ಒಂದು ದನಿ ಸ್ಪಷ್ಟವಾಯಿತು. ಪೇಟಿಯದು. ಹಾಡಿನುದ್ದಕ್ಕೂ ಒಂದೇ ಷಡ್ಜ ಹಿಡಿದು ನಿಂತಿತ್ತು. ಶ್ರುತಿ ನೋಡೋಣವೆಂದು ಕಂಪ್ಯೂಟರಿನ ತೆರೆಯ ಮೇಲೆ ಅದರ ಗೆರೆ ಬಿಡಿಸಿದೆ. ಗೆರೆ ಅಡ್ಡಕ್ಕೆ ನೇರವಾಗಿ ಹೋಗಬೇಕಿತ್ತು. ಅದು ಗುಡ್ಡ ಹತ್ತುತ್ತಿತ್ತು.

ಮನುಷ್ಯರ ದನಿ ಸಿಟ್ಟಿಗೆ ಏರುತ್ತದೆ, ಒಪ್ಪೋಣ. ಪೇಟಿಯ ಒಳಗಿರುವುದು ಹಿತ್ತಾಳೆಯ ನಾಲಿಗೆ. ಅದನ್ನು ಎಷ್ಟು ಜೋರಾಗಿ ಒತ್ತಿದರೂ ಸ್ವರ ಬದಲಾಗುವುದಿಲ್ಲ. ಹಿತ್ತಾಳೆಗೆ ಯಾವ ಮುಷ್ಕರದ ಸಿಟ್ಟು?

ಎಂಟೂ ಹಾಡು ಅಳೆದೆ. ಎಂಟೂ ಹೀಗೆಯೇ. ಕರಿ ಎರಡರ, ಅಂದರೆ ಎರಡನೆಯ ಕರಿ ಮನೆಯ, ಆಸುಪಾಸಿನಲ್ಲಿ ಶುರುವಾಗುವ ಪೇಟಿ ಹಾಡು ಮುಗಿಯುವ ಹೊತ್ತಿಗೆ ಬಿಳಿ ಮೂರನ್ನು ದಾಟಿರುತ್ತದೆ. ಮುಂದಿನ ಹಾಡಿಗೆ ಮತ್ತೆ ಕೆಳಗಿಳಿದು, ಮತ್ತೆ ಏರುತ್ತದೆ. ಧ್ವನಿ ಮುದ್ರಿಸುವಾಗ ಯಂತ್ರ ನಿಧಾನವಾದರೆ, ಅದನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ದನಿ ಮೇಲೇರಿ, ಲಯ ಬಿರುಸಾಗಿ ಕೇಳಿಸುತ್ತದೆ. ಅಂದರೆ ಪ್ರತಿ ಹಾಡಿಗೂ ಯಂತ್ರ ದಣಿಯುತ್ತಿತ್ತು. ಸರಿ, ದಣಿಯಿತು. ಆದರೆ ಪ್ರತಿ ಹಾಡಿನ ಮೊದಲಿಗೆ ಅದಕ್ಕೆ ಮತ್ತೆ ಕಸುವು ಬರುತ್ತಿದ್ದುದು ಎಲ್ಲಿಂದ?

ಕೇಳಬೇಕಾದವರು ಉಣಕಲ್ಲಿನಲ್ಲೇ ಇದ್ದರು. ಹಾಡಿದವರು, ಈಗ ಎಪ್ಪತ್ತು ದಾಟಿದ್ದಾರೆ, ಎಲ್ಲರೂ ಕರೆಯುವುದು ಆಪಾ, ಅಂದರೆ ಅಕ್ಕ, ಎಂದು. ಮಗಳು ಸೊಸೆ ಮೊಮ್ಮಕ್ಕಳು ತುಂಬಿದ ಮನೆ. ಆಪಾ ಪಡಸಾಲೆಯಲ್ಲಿ ಕೂತು ಮೆಂತ್ಯಸೊಪ್ಪು ಸೋಸುತ್ತಿದ್ದರು. ಹಾಡಿನ ಮಾತೆತ್ತಿದರೆ ಕೈ ಝಾಡಿಸಿದರು.

“ಆ ಹಾಡೆಲ್ಲಾ ಬಿಟ್ಟು ನಲವತ್ತ ವರ್ಷಾತು ತಮ್ಮಾ. ಮೇಡಂ ಬಂದು ಸಹಿ ಮಾಡಂದ್ರು, ಮಾಡೇನಿ. ನನ್ನ ಕಡೆ ಮತ್ತೇನೈತಿ?”

“ಹಾಡಿಂದಲ್ಲರಿ ಆಪಾ. ಮಶೀನಿಂದು ಕೇಳಾಕ ಬಂದೇನಿ. ಎಲ್ಲಿ ರಿಕಾರ್ಡ್ ಮಾಡಿದ್ರಿ?”

ಮಶೀನು ಎಂದೊಡನೆ ಮುಖ ಅರಳಿತು. ಸೊಪ್ಪು ಪಕ್ಕಕ್ಕೆ ಸರಿಸಿದರು. ಮಿಲ್ಲಿನ ಗೇಟಿನೆದುರು ಧರಣಿಯ ಪೆಂಡಾಲಂತೆ. ಸಾಲಿ ಮಾಸ್ತರರೊಬ್ಬರು ಸೆಲ್ಲಿನ ಮೇಲೆ ನಡೆಯುವ ಟೇಪ್ ಯಂತ್ರ ಬೇಡಿ ತಂದಿದ್ದರಂತೆ, ಮರುದಿನ ತಿರುಗಿ ಕೊಡಬೇಕಿತ್ತಂತೆ. ಪೆಂಡಾಲಿಗೆ ಬರುತ್ತಿದ್ದ ಕರೆಂಟನ್ನು ಮಿಲ್ಲಿನವರು ಕಡಿದಿದ್ದರು.

“ಆರು ಸೆಲ್. ಬ್ಯಾಟ್ರಿದು ದೊಡ್ಡ ಸೆಲ್ ಇರ್ತಾವಲ್ಲ, ಅವು. ಮೊದಲನೇ ಹಾಡು ಮುಗಿಯೂದ್ರಾಗ ಮಶೀನ್ ಕುಂಯ್ ಅಂತು. ಹೊಸಾ ಸೆಲ್ ತರೋಣಂದ್ರ ಅಂಗಡಿ ಎಲ್ಲಾ ಬಂದ್.”

“ಯಾಕ್ರಿ?”

“ಅವತ್ತ ಹುಬ್ಬಳ್ಳಿ ಬಂದ್ ಇತ್ತು.” ಆಪಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. “ಕರೆ ಕೊಟ್ಟವರ ನಾವು! ಒಂದಂಗಡಿ ಬಾಗಲಾ ತೆಗದಿದ್ರೂ ನಮ್ಮ ಮಂದಿನ ಹೋಗಿ ಮುಚ್ಚಸ್ತಿದ್ರು.”

ನನಗೂ ನಗು ತಡೆಯಲಿಲ್ಲ. “ಮತ್ತ ಏನ್ ಮಾಡಿದ್ರಿ?”

“ಏನ್ ಮಾಡೂದು, ಸೆಲ್ ಬಿಸಲಿಗೆ ಇಟ್ಟೆ. ನಮ್ಮ ಮನ್ಯಾಗ ಬ್ಯಾಟ್ರಿ ಮಂದ ಆದ್ರ ಹಂಗ ಮಾಡ್ತಿದ್ವಿ. ಗೇಟಿನ ಬಾಜೂ ತಗಡಿನ ಮ್ಯಾಲೆ ಸಾಲಾಗಿ ಇಡೂದು, ಅವು ಕಾದು ಬಿಸಿ ಆದ ಮ್ಯಾಲೆ ತಂದು ಹಾಕೂದು, ಒಂದ್ ಹಾಡು ಹಾಡೂದು. ಮತ್ತ ತೆಗದು ಬಿಸಲಿಗೆ. ಎಂಟ್ ಹಾಡಿಗೂ ನಾನ ಇಟ್ಟೇನಿ, ನಾನ ತಂದೇನಿ. ಮಾಸ್ತರು ಅಂದ್ರು, ನೀ ಹಾಡೂದಲ್ಲ, ಎಂಜಿನೀರ್ ಆಗಬೇಕಿತ್ತು ಅಂತ.”

ಸೊಸೆ ತಂದಿಟ್ಟ ಚಹಾ ಆರಿ ಹೋಯಿತು. ಯಾವ ಏರಿಕೆ ಬರಲಿಲ್ಲವೆಂದು ಊರು ಈ ಹೆಂಗಸಿಗೆ ಕಳಂಕ ಹಚ್ಚಿತೋ, ಆ ಏರಿಕೆಯನ್ನು ಈಕೆಯೇ ತನ್ನ ಕೈಯಾರೆ, ಹೆಮ್ಮೆಯಿಂದ, ಆರು ಸೆಲ್ಲು ಒಣಗಿಸಿ ಮಾಡಿದ್ದಳು. ಗೊತ್ತಿಲ್ಲದೆ. ಅಲ್ಲೇ ಹೇಳಿಬಿಡಬೇಕೆನಿಸಿತು. ಆದರೆ ಸರಿಯಾದ ಶ್ರುತಿ ಎಷ್ಟು ಎಂಬುದಕ್ಕೆ ನನ್ನ ಬಳಿ ಆಧಾರ ಇರಲಿಲ್ಲ. ಬಿಸಿಲು ಕಂಡ ಸೆಲ್ಲೂ ಹೊಸ ಸೆಲ್ಲಲ್ಲ, ಹಾಡಿನ ಮೊದಲ ಕ್ಷಣವೂ ತುಸು ಏರಿಯೇ ಇದ್ದೀತು. ಅಳೆಯದೆ ಆಡಿದ ಮಾತು ಆಕೆಯನ್ನು ಒಮ್ಮೆ ಸುಟ್ಟಿತ್ತು. ಸೊಪ್ಪಿನ ಕಟ್ಟೊಂದನ್ನು ಕೈಗೆ ಕೊಟ್ಟರು, ತೆಗೆದುಕೊಂಡು ಎದ್ದು ಬಂದೆ.

ಪೇಟಿ ನುಡಿಸಿದ ಕಾಕಾ ಈಗಿಲ್ಲ. ಅವರು ಶಿವಭಜನೆಯ ಮೇಳದವರು, ಸತ್ತೂರಿನಲ್ಲಿ ಮಗಳ ಮನೆಯಲ್ಲಿ ಪೇಟಿ ಇದೆ ಎಂದು ಗೊತ್ತಾಗಿ ಅಲ್ಲಿಗೆ ಹೋದೆ. ಮಗಳು ಪೂಜೆಯ ಕೋಣೆಯಿಂದ ಪೇಟಿಯನ್ನು ಕೂಸಿನಂತೆ ಎತ್ತಿ ತಂದರು.

“ಹ್ವಾದ ಶ್ರಾವಣದಾಗ ಪೂರಾ ಹೊಸಾ ಸುರ್ ಹಾಕ್ಸೇವ್ರಿ. ಈಗ ಕೇಳ್ರಿ, ಹೆಂಗ ನುಡೀತೈತಿ!”

ಒಳಗಿನ ಹಿತ್ತಾಳೆ ನಾಲಿಗೆಗಳನ್ನೇ ಬದಲಿಸಿದ್ದರೆ ಪೆಟ್ಟಿಗೆ ಕಟ್ಟಿಗೆಯಷ್ಟೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡು ಪೆಚ್ಚುಮೋರೆ ಹಾಕಿದ್ದನ್ನು ಆ ತಾಯಿ ಗಮನಿಸಿರಬೇಕು.

“ಹಳೇ ಸುರ್ ಬೇಕಿದ್ವೇನ್ರಿ? ಅವನ್ನ ಒಗದಿಲ್ಲರಿ. ಅಪ್ಪಾರು ಐವತ್ತ ವರ್ಷ ಉಸುರು ಹಾಕಿದ್ದು, ಹೆಂಗ ಒಗೀಲಿ?”

ದೇವರ ಜಗಲಿಯ ಮೇಲೆ, ವಿಭೂತಿಗಟ್ಟಿಯ ಪಕ್ಕದಲ್ಲಿದ್ದ ಪೌಡರಿನ ಡಬ್ಬಿ ತಂದು ತೆರೆದರು. ಒಳಗೆ ಹತ್ತಿಯ ನಡುವೆ ಸಣ್ಣ ಸಣ್ಣ ಹಿತ್ತಾಳೆ ನಾಲಿಗೆಗಳು, ಪ್ರತಿಯೊಂದರ ಮೇಲೂ ಗೀರಿದ ಗುರುತು. ಕರಿ ಎರಡರದನ್ನು ಹುಡುಕಿ, ಒರೆಸಿ, ಅವರ ಅಪ್ಪಣೆ ಪಡೆದು ಪೇಟಿಯಲ್ಲಿ ಕೂರಿಸಿದೆ. ಅವರೇ ಗಾಳಿ ಹಾಕಿದರು. ನುಡಿಯಿತು. ನನ್ನ ಊಹೆ ಸರಿಯಿತ್ತು, ರೆಕಾರ್ಡಿನ ಮೊದಲ ಕ್ಷಣಕ್ಕಿಂತಲೂ ಅದು ಒಂದು ಎಳೆ ಕೆಳಗಿತ್ತು. ಐದು ನಿಮಿಷ ಆ ಒಂದೇ ಸ್ವರವನ್ನು ಮುದ್ರಿಸಿಕೊಂಡೆ. ಆಕೆ ಕಣ್ಣು ಮುಚ್ಚಿ ಗಾಳಿ ಹಾಕುತ್ತಲೇ ಇದ್ದರು, ಸಾಕು ಎಂದರೂ ನಿಲ್ಲಿಸಲಿಲ್ಲ.

ಮುಂದಿನ ಕೆಲಸ ಗೆರೆಯನ್ನು ನೇರ ಮಾಡುವುದು. ಮೊದಲು ತಂತ್ರಾಂಶಕ್ಕೇ ಬಿಟ್ಟು ನೋಡಿದೆ. ಅದು ಪೇಟಿಯ ಜೊತೆಗೆ ಆಪಾ ಬೇಕೆಂದೇ ಜಾರಿಸುತ್ತಿದ್ದ ಸ್ವರಗಳನ್ನೂ ಇಸ್ತ್ರಿ ಹೊಡೆದು ಬಿಟ್ಟಿತು. ಅಳಿಸಿದೆ. ಆಮೇಲೆ ಪೇಟಿಯ ಷಡ್ಜವನ್ನಷ್ಟೇ ಹಿಡಿದು, ಎರಡೆರಡು ಸೆಕೆಂಡಿಗೆ ಒಂದು ಚುಕ್ಕೆ ಇಟ್ಟು, ಆ ಚುಕ್ಕೆಗಳ ಗುಂಟ ಇಡೀ ಹಾಡಿನ ವೇಗವನ್ನು ನಿಧಾನಕ್ಕೆ ಇಳಿಸುತ್ತ ಹೋದೆ. ಎಂಟು ಹಾಡಿಗೆ ಮೂರು ವಾರ.

ಖರೆ ಹೇಳುತ್ತೇನೆ, ಮೊದಲು ಕೇಳಿದಾಗ ನನಗೆ ನಿರಾಸೆಯಾಯಿತು. ದನಿ ದಪ್ಪವಾಗಿತ್ತು, ಲಯ ಎಲ್ಲಿಯೂ ಓಡುತ್ತಿರಲಿಲ್ಲ. ನಾನು ಬಾಲ್ಯದಿಂದ ಚಹಾದಂಗಡಿಗಳಲ್ಲಿ ಕೇಳಿ ಮೈಜುಮ್ಮೆನ್ನಿಸಿಕೊಂಡ ಜಾಗಗಳಲ್ಲಿ ಏನೂ ಆಗಲಿಲ್ಲ. ಅಪ್ಪನ ಮಾತು ನೆನಪಾಯಿತು. ಹೊರಗೆ ಹೋಗಿ ಒಂದು ಸುತ್ತು ಹಾಕಿ ಬಂದು ಮತ್ತೆ ಕೇಳಿದೆ. ಈ ಸಲ ಮಾತುಗಳು ಕೇಳಿಸಿದವು. “ಚೂರ ಶಾಲ” ಎನ್ನುವಲ್ಲಿ ಆಕೆ ಚೀರುವುದಿಲ್ಲ. ಎದುರಿಗೆ ಕೂತವನ ಕಣ್ಣಲ್ಲಿ ಕಣ್ಣಿಟ್ಟು ಲೆಕ್ಕ ಕೇಳಿದ ಹಾಗೆ ಹೇಳುತ್ತಾಳೆ. ಚೀರುವವರನ್ನು ಹೆದರಿಸಿ ಸುಮ್ಮನಾಗಿಸಬಹುದು. ಈ ದನಿಯನ್ನು ಸುಮ್ಮನಾಗಿಸುವುದು ಕಷ್ಟ.

ಪ್ರಕಾಶಕಿಗೆ ಕೇಳಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿಮ್ಮ ಕೆಲಸಾ ಛಲೋ ಐತ್ರಿ. ಆದ್ರ ಇದನ್ನ ನಾ ತರೂದಿಲ್ಲ. ಮಂದಿ ಆ ಏರೂ ದನೀಗೆ ಕಾದು ಕುಂತಾರ. ಮೂರು ಪೀಳಿಗಿ ಮೈಯಾಗ ಇಳದೈತಿ ಅದು. ಅದನ್ನ ತೆಗಿಯಾಕ ನಾವ್ಯಾರು? ತಪ್ಪಿದ್ರೂ ಅದು ಇತಿಹಾಸ.”

“ಅದ ಇತಿಹಾಸಕ್ಕ ಒಬ್ಬಾಕಿ ಹಾಡೂದು ಬಿಟ್ಳಲ್ರಿ.”

“ಗೊತ್ತೈತಿ. ಆದ್ರ ನಲವತ್ತ ವರ್ಷದ ಮ್ಯಾಲೆ ಆ ಗಾಯಾ ಕೆದರಿ ಏನ್ ಮಾಡೋರ್ರಿ? ಅಕಿ ಪಾಡಿಗೆ ಅಕಿ ಅದಾಳ.”

ಅವರ ಮಾತಿನಲ್ಲಿ ಕಾಳಜಿಯೇ ಇತ್ತು, ಸೋಗು ಇರಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೆಯ ದಿನ ಒಂದು ಮಾತು ಖಚಿತವಾಯಿತು: ದನಿ ನನ್ನದಲ್ಲ, ಮೇಡಂದಲ್ಲ, ಮೂರು ಪೀಳಿಗೆಯದೂ ಅಲ್ಲ. ಯಾರದೋ ಅವರಿಗೆ ಕೇಳಿಸದೆ ನಾವಿಬ್ಬರೂ ಕೂತು ಪಂಚಾಯಿತಿ ಮಾಡುವುದು ಅಧಿಕಪ್ರಸಂಗ. ಫೋನು ಮಾಡಿ ಹೇಳಿದೆ. “ಎರಡೂ ಕೇಳಸೂಣು, ಆಪಾ ಅಂದಂಗ. ಅಕಿ ಹಳೇದ ಇರ್ಲಿ ಅಂದ್ರ ಹಳೇದನ್ನ ತೊಳದು ಕೊಡ್ತೇನಿ, ತಕರಾರು ಮಾಡೂದಿಲ್ಲ.” ಅವರು, “ನಾನೂ ಬರ್ತೇನಿ,” ಎಂದರು.

ಆಪಾ ಒಂದು ಮಧ್ಯಾಹ್ನ ಮಗಳ ಜೊತೆ ರಿಕ್ಷಾದಲ್ಲಿ ಬಂದರು, ಮೇಡಂ ಮೊದಲೇ ಬಂದು ಕೂತಿದ್ದರು. ಕೌದಿ ಬಡಿದ ಗೋಡೆ ನೋಡಿ, “ಇದೇನಪಾ, ಗ್ವಾಡಿಗೆ ಚಳಿ ಹತ್ತೈತೇನು?” ಎಂದರು. ಹೆಂಡತಿಗೆ ಅವರು ಆ ಕ್ಷಣವೇ ಹಿಡಿಸಿದರು. ಯಾವುದು ಏನು ಎಂದು ಹೇಳದೆ ಎರಡು ಸಲ ಹಚ್ಚುತ್ತೇನೆ ಎಂದೆ. ಮೊದಲು ಹಳೆಯದು. ಆಪಾ ನೆಲ ನೋಡುತ್ತ ಕೇಳಿದರು, ದನಿ ಏರತೊಡಗಿದಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿದರು. ಆಮೇಲೆ ನೇರ ಮಾಡಿದ್ದು. ಎರಡನೆಯ ಸಾಲಿಗೇ ತಲೆ ಎತ್ತಿದರು. ಬೆರಳಿನಿಂದ ಸೆರಗು ಬಿಚ್ಚಿಕೊಂಡಿತು. ಮೂರನೆಯ ನುಡಿಗೆ ತುಟಿಗಳು ಅಲುಗತೊಡಗಿದವು.

“ಇದು ಯಾವಾಗ ಹಾಡಿದ್ದು?” ಎಂದರು ಹಾಡು ಮುಗಿದಾಗ.

“ಅವತ್ತಿಂದ ರಿ ಆಪಾ. ಎರಡೂ ಅವತ್ತಿನ ಹಾಡ.”

ಸೆಲ್ಲಿನ ಕತೆ ಹೇಳಿದೆ. ಮಶೀನು ದಣಿದದ್ದು, ಪೇಟಿಯೂ ಏರಿದ್ದು, ಪೌಡರಿನ ಡಬ್ಬಿ, ಗೆರೆ. ತೆರೆಯ ಮೇಲೆ ಗುಡ್ಡ ಹತ್ತುವ ಗೆರೆ ತೋರಿಸಿದೆ. ಆಪಾ ಅದರ ಮೇಲೆ ಬೆರಳಿಟ್ಟು ಕೆಳಗಿನಿಂದ ಮೇಲಿನವರೆಗೆ ಸವರಿದರು.

“ಅಂದ್ರ ನಾ ಏರ್ಸಿಲ್ಲ?”

“ಇಲ್ರಿ. ನೀವು ಪೇಟಿ ಬಿಟ್ಟು ಎಲ್ಲೂ ಹೋಗಿಲ್ಲ. ಎಂಟ್ ಹಾಡಿನ್ಯಾಗೂ ಇಲ್ಲ.”

“ಅವತ್ತ ಸಭಾದಾಗೂ ನಾ ಹಿಂಗ ಹಾಡಿದ್ದೆ, ಇದ ಸುರಾಗ,” ಎಂದರು. ಮುಂದಿನದು ಬಹಳ ಮೆಲ್ಲಗೆ ಬಂತು. “ಮಂದಿ ಅಂದದ್ದಕ್ಕ ನಾ ಬಿಡಲಿಲ್ಲ ತಮ್ಮಾ. ಮಂದಿ ಮಾತು ಯಾರಿಗೆ ತಪ್ಪೈತಿ? ಮನಿಗೆ ಬಂದು ರಿಕಾರ್ಡ್ ಹಚ್ಚಿ ಕೇಳಿದೆ. ಅದರಾಗಿನ ಹುಡಿಗಿ ಏರ್ತಿದ್ಳು. ನನಗ ಆಗವಲ್ತು. ಕೆಲಸಕ್ಕ ಹೊಳ್ಳಿ ಕರದಾರಂತ ನನ್ನ ಸಿಟ್ಟು ಸತ್ತೈತಿ, ಮಂದಿ ಖರೇನ ಹೇಳಾಕತ್ತಾರ ಅಂತ ನಾನೂ ನಂಬಿದೆ. ನಲವತ್ತ ವರ್ಷ ನಂಬೇನಿ.”

ಮಗಳು ಅಮ್ಮನ ಹೆಗಲು ಹಿಡಿದುಕೊಂಡಳು. ಮೇಡಂ ಎದ್ದು ಹೋಗಿ ಕಿಟಕಿಯ ಬಳಿ ನಿಂತರು. ಯಾವುದನ್ನು ಒತ್ತಿಸಬೇಕು ಎಂದು ಕೇಳುವ ಪ್ರಸಂಗ ಬರಲಿಲ್ಲ. ಮೇಡಂ ಆ ಕಡೆ ಮುಖ ಮಾಡಿಕೊಂಡೇ, “ಮುನ್ನುಡಿ ಬರದಿಟ್ಟಿದ್ದೆ, ಹರದು ಹಾಕ್ತೇನಿ,” ಎಂದರು. ಹೊಸ ಮುನ್ನುಡಿಯಲ್ಲಿ ಏರಿಕೆಯ ವರ್ಣನೆ ಇಲ್ಲ. ಹುಬ್ಬಳ್ಳಿ ಬಂದ್, ಕಾದ ತಗಡು ಮತ್ತು ಆರು ಸೆಲ್ಲಿನ ಕತೆ ಇದೆ.

ರೆಕಾರ್ಡು ಒತ್ತುವ ಕಾರ್ಖಾನೆಯಿಂದ ಪರೀಕ್ಷೆಯ ಪ್ರತಿ ಬರಲು ನಾಲ್ಕು ತಿಂಗಳು ಹಿಡಿಯಿತು. ಬಂದ ದಿನವೇ ಉಣಕಲ್ಲಿಗೆ ಒಯ್ದೆ. ಜೊತೆಗೆ ಅಪ್ಪನ ಪ್ರತಿಯನ್ನೂ ಒಯ್ದೆ. ಈ ಕೆಲಸವೆಲ್ಲ ಯಾವುದರಿಂದ ಆಯಿತೆಂದು ತೋರಿಸದಿದ್ದರೆ ನನ್ನ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಆಪಾ ಹೊಸದನ್ನು ಬದಿಗಿಟ್ಟು ಹಳೆಯದನ್ನೇ ತಿರುಗಿಸಿ ತಿರುಗಿಸಿ ನೋಡಿದರು.

“ಎಷ್ಟ ನೀಟ ಇಟ್ಟಾರಪಾ! ಯಾರದಿದು?”

“ನಮ್ಮಪ್ಪಂದ್ರಿ,” ಎಂದೆ. “ಹಿಂಜೂ ಖಾತೇದಾಗ ಇದ್ರು. ಅವತ್ತ ಸಭಾದಾಗೂ ಇದ್ರು. ‘ಏರ್ಸಬೇ’ ಅಂದವರಾಗ ಅವರೂ ಒಬ್ರು. ಮನಿಗೆ ಬಂದು ‘ಮಾರ್ಕೊಂಡಾಳ’ ಅಂದು ಇದನ್ನ ಕಟ್ಟಿಟ್ರು. ಸಾಯೂತನಾ ಹಚ್ಚಲಿಲ್ಲ. ಅದಕ್ಕ ನೀಟ ಐತ್ರಿ ಆಪಾ.”

ಆಪಾ ಹೊದಿಕೆಯ ಮೇಲಿದ್ದ ಅಪ್ಪನ ಹೆಸರಿನ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ಹಗುರಾಗುತ್ತಿದ್ದೆ.

“ನನ್ನ ಮನಿ ಮುಂದ ತಂದು ಒಡದಾರು ತಮ್ಮಾ, ಎಷ್ಟೋ ಮಂದಿ. ಮುಂಜಾನೆ ಎದ್ದು ಕರಿ ಚೂರು ಬಳೀತಿದ್ದೆ.” ಸೆರಗಿನಿಂದ ಹೊದಿಕೆ ಒರೆಸಿದರು. “ನಿಮ್ಮಪ್ಪ ಒಡೀಲಿಲ್ಲಲ್ಲ. ಸಿಟ್ಟಿನ್ಯಾಗೂ ಕಾಗದಾ ಸುತ್ತಿ ಇಟ್ಟಾನಲ್ಲ.”

ಅದನ್ನು ನನಗೆ ತಿರುಗಿ ಕೊಡಲು ಕೈ ಚಾಚಿ, ಮತ್ತೆ ಹಿಂದಕ್ಕೆ ತೆಗೆದುಕೊಂಡು ಎದೆಗೆ ಒತ್ತಿಕೊಂಡರು.

“ಹೊಸಾದು ನೀ ಒಯ್ಯಿ,” ಎಂದರು. “ಒಯ್ದು ನಿಮ್ಮಪ್ಪನ ಫೋಟೋದ ಮುಂದ ಹಚ್ಚು. ನಾ ಏನೂ ಮಾರ್ಕೊಂಡಿಲ್ಲ ಅಂತ ಹೇಳು.”